ಕಪ್ ನಮ್ದು, ಮೈದಾನ ಯಾರ್ದು?



ಇವತ್ತಿನ ಕತೆ ಶುರುವಾಗಿದ್ದು ನಮ್ಮ ಜಾಲಹಳ್ಳಿ ಮನೆಯ ಊಟದ ಟೇಬಲ್ಲಲ್ಲಿ. 2025ರ ಕೊನೆ. ನಮ್ಮ ಚಿಕ್ಕಪ್ಪನ ಮಗ ಹತ್ತನೇ ಕ್ಲಾಸು. ಅನ್ನಕ್ಕೆ ಸಾರು ಕಲಸ್ತಾ ಇದ್ದವನು ಒಂದು ಕೈಯಲ್ಲಿ ಫೋನ್ ತೋರಿಸಿ ಕೇಳಿದ. "ಅಕ್ಕ, ಆರ್‌ಸಿಬಿ ಬೆಂಗಳೂರು ಬಿಟ್ಟು ಹೋಗುತ್ತಂತೆ. ನಿಜಾನಾ?"

ವಾಟ್ಸಾಪ್‌ನಲ್ಲಿ ಬಂದಿದ್ದ ಫಾರ್ವರ್ಡು. ಒಂದರಲ್ಲಿ ಪುಣೆ, ಇನ್ನೊಂದರಲ್ಲಿ ರಾಯಪುರ. "ಸುಮ್ನೆ ಊಟ ಮಾಡೋ, ಎಲ್ಲ ಗಾಳಿಸುದ್ದಿ" ಅಂದೆ. ಆದ್ರೆ ನಿಜ ಹೇಳ್ತೀನಿ, ಆ ರಾತ್ರಿ ನನಗೂ ನಿದ್ದೆ ಬರಲಿಲ್ಲ. ಯಾಕಂದ್ರೆ ಈ "ಹೋಗುತ್ತಂತೆ" ಅನ್ನೋ ಮಾತು ನಾನು ಮೊದಲ ಸಲ ಕೇಳಿದ್ದಲ್ಲ. ಹತ್ತು ವರ್ಷದೊಳಗೆ ನಮ್ಮೂರಿನ ಮೂರು ತಂಡಗಳ ಬಗ್ಗೆ ಕೇಳಿದ್ದೀನಿ. ಮೂರೂ ಕಪ್ ಗೆದ್ದ ತಂಡಗಳು!

ಕಪ್ ಗೆದ್ದ ತಂಡವನ್ನ ಯಾರಾದ್ರೂ ಊರಿಂದ ಹೊರಗೆ ಕಳಿಸ್ತಾರಾ? ಇದೇ ಇವತ್ತಿನ ಪ್ರಶ್ನೆ. ಉತ್ತರ ಬೇಕು ಅಂದ್ರೆ ಮೊದಲು ನನ್ನ ಆಟ, ಅಂದ್ರೆ ಬಾಸ್ಕೆಟ್‌ಬಾಲ್ ಕಡೆ ಹೋಗಬೇಕು. ತಂಡ ಊರು ಬಿಡೋ ಗಾಳಿಸುದ್ದಿಯಲ್ಲಿ ಅಮೆರಿಕದ ಎನ್‌ಬಿಎಗೆ ಪಿಎಚ್‌ಡಿನೇ ಕೊಡಬಹುದು.

ಲೇಕರ್ಸ್ ಗೊತ್ತಲ್ವಾ? ಲಾಸ್ ಏಂಜಲಿಸ್ ಲೇಕರ್ಸ್. ಲೇಕ್ ಅಂದ್ರೆ ಕೆರೆ. ಆದ್ರೆ ಲಾಸ್ ಏಂಜಲಿಸ್ ಕೆರೆಗಳ ಊರೇ ಅಲ್ಲ. ಆ ಹೆಸರು ಬಂದಿದ್ದು ಮಿನ್ನೆಸೋಟ ರಾಜ್ಯದಿಂದ. ತಂಡ ಮೊದಲು ಅಲ್ಲಿನ ಮಿನ್ನಿಯಾಪೊಲಿಸ್‌ನಲ್ಲಿತ್ತು. 1960ರಲ್ಲಿ ಊರು ಬಿಡ್ತು. ಕೆರೆ ಅಲ್ಲೇ ಉಳೀತು, ಕೆರೆಯ ಹೆಸರು ಮಾತ್ರ ತಂಡದ ಜೊತೆ ಹೋಯ್ತು. ಯೂಟಾ ಜಾಝ್ ಕತೆನೂ ಅದೇ. ಜಾಝ್ ಸಂಗೀತ ಹುಟ್ಟಿದ ನ್ಯೂ ಆರ್ಲಿಯನ್ಸ್‌ನಿಂದ 1979ರಲ್ಲಿ ಯೂಟಾಗೆ ಹೋದ ತಂಡ ಅದು.

ಇವೆಲ್ಲ ಹಳೇ ಮಾತು. ಇವತ್ತಿಗೂ ಆರದ ಗಾಯ ಸಿಯಾಟಲ್‌ದು.

ಸಿಯಾಟಲ್ ಸೂಪರ್‌ಸಾನಿಕ್ಸ್ 1967ರಲ್ಲಿ ಶುರುವಾದ ತಂಡ. 1979ರಲ್ಲಿ ಎನ್‌ಬಿಎ ಚಾಂಪಿಯನ್. 2001ರಲ್ಲಿ ಇದನ್ನ ಕೊಂಡ ಗುಂಪಿನ ಮುಖ್ಯಸ್ಥ ಹೋವರ್ಡ್ ಶುಲ್ಟ್ಸ್. ಹೌದು, ಸ್ಟಾರ್‌ಬಕ್ಸ್ ಕಾಫಿಯ ಶುಲ್ಟ್ಸ್. 2006ರಲ್ಲಿ ಅವರು ತಂಡವನ್ನ ಓಕ್ಲಹೋಮಾದ ಉದ್ಯಮಿ ಕ್ಲೇ ಬೆನೆಟ್ ಗುಂಪಿಗೆ 35 ಕೋಟಿ ಡಾಲರ್‌ಗೆ ಮಾರಿದರು. ಕೊಂಡವರ ಊರು ಬೇರೆ, ತಂಡದ ಊರು ಬೇರೆ. ಅವತ್ತಿಂದಲೇ ಪಿಸುಮಾತು ಶುರು: "ತಗೊಂಡು ಹೋಗ್ತಾರಂತೆ."

ಹೊಸ ಮಾಲೀಕರು ಹೇಳಿದ್ದು ಒಂದೇ ಮಾತು. ಅಂಗಣ ಹಳೇದಾಗಿದೆ, ಸರ್ಕಾರದ ದುಡ್ಡಲ್ಲಿ ಹೊಸದು ಕಟ್ಟಿಕೊಡಿ. ಜನರ ತೆರಿಗೆ ದುಡ್ಡನ್ನ ಇದಕ್ಕೆ ಸುರಿಯೋಕೆ ಊರು ಒಪ್ಪಲಿಲ್ಲ. 2007ರಲ್ಲಿ ಮಾಲೀಕರ ಗುಂಪಿನ ಒಬ್ಬರು, ಆಬ್ರಿ ಮೆಕ್‌ಕ್ಲೆಂಡನ್, ಪತ್ರಿಕೆಯೊಂದರ ಮುಂದೆ ಬಾಯಿ ತಪ್ಪಿ ನಿಜ ಹೇಳಿಬಿಟ್ಟರು. ಸಿಯಾಟಲ್‌ನಲ್ಲೇ ಇಟ್ಕೊಳ್ಳೋಕೆ ನಾವು ತಂಡ ಕೊಂಡಿದ್ದಲ್ಲ ಅನ್ನೋ ಅರ್ಥದ ಮಾತು. ಎನ್‌ಬಿಎ ಅವರಿಗೆ ಎರಡೂವರೆ ಲಕ್ಷ ಡಾಲರ್ ದಂಡ ಹಾಕ್ತು. ಗಾಳಿಸುದ್ದಿ ಸುಳ್ಳಾಗಿರಲಿಲ್ಲ!

2008ರ ಜುಲೈನಲ್ಲಿ ನಗರಕ್ಕೂ ಮಾಲೀಕರಿಗೂ ರಾಜಿ ಆಯ್ತು. ಅಂಗಣದ ಗುತ್ತಿಗೆ 2010ರವರೆಗೆ ಇತ್ತು. ಅದನ್ನ ಮುರಿಯೋಕೆ 4.5 ಕೋಟಿ ಡಾಲರ್ ಕೊಟ್ಟು ತಂಡವನ್ನ ಓಕ್ಲಹೋಮಾ ಸಿಟಿಗೆ ತಗೊಂಡು ಹೋದರು. ಆದ್ರೆ ರಾಜಿಯಲ್ಲಿ ಸಿಯಾಟಲ್ ಒಂದು ಷರತ್ತು ಹಾಕಿತ್ತು: ಸೂಪರ್‌ಸಾನಿಕ್ಸ್ ಅನ್ನೋ ಹೆಸರು, ಹಸಿರು ಮತ್ತು ಚಿನ್ನದ ಬಣ್ಣ ನಮ್ಮೂರಲ್ಲೇ ಇರಬೇಕು. ಆಟಗಾರರು ಹೋದರು, ಹೆಸರು ಉಳೀತು. ಹೋದ ತಂಡ ಓಕ್ಲಹೋಮಾ ಸಿಟಿ ಥಂಡರ್ ಆಯ್ತು. ಅದು ಎನ್‌ಬಿಎ ಗೆದ್ದಿದ್ದು ಯಾವಾಗ ಗೊತ್ತಾ? 2025ರ ಜೂನ್‌ನಲ್ಲಿ. ನಮ್ಮ ಆರ್‌ಸಿಬಿ ಗೆದ್ದ ಅದೇ ತಿಂಗಳು.

ಎಲ್ಲ ಗಾಳಿಸುದ್ದಿನೂ ಹೀಗೇ ಮುಗಿಯಲ್ಲ. ತಂಡ ಕಳ್ಕೊಂಡ ಸಿಯಾಟಲ್‌ನವರೇ 2013ರಲ್ಲಿ ಬೇರೆ ಊರಿನ ತಂಡಕ್ಕೆ ಕೈ ಹಾಕಿದರು. ಸ್ಯಾಕ್ರಮೆಂಟೋ ಕಿಂಗ್ಸ್. ಆಗ ಆ ಊರಿನ ಮೇಯರ್ ಕೆವಿನ್ ಜಾನ್ಸನ್, ಹಿಂದೆ ಎನ್‌ಬಿಎನಲ್ಲೇ ಆಡಿದ್ದವರು. ಅವರು ಊರಿಗಾಗಿ ಬೇರೆ ಕೊಳ್ಳುವವರನ್ನ ಹುಡುಕಿದರು. ಆ ಗುಂಪಿನ ಮುಂದಾಳು ಯಾರು ಗೊತ್ತಾ? ಮುಂಬೈಯಲ್ಲಿ ಹುಟ್ಟಿ ಬೆಳೆದ ವಿವೇಕ್ ರಣದಿವೆ. ನಗರಸಭೆ ಹೊಸ ಅಂಗಣಕ್ಕೆ ಒಪ್ಪಿತು. ಎನ್‌ಬಿಎ ಮಾಲೀಕರು 22–8 ಮತಗಳಿಂದ ಸ್ಥಳಾಂತರ ಬೇಡ ಅಂದರು. ಆರು ವರ್ಷ ಆದ್ಮೇಲೆ, 2019ರ ಅಕ್ಟೋಬರ್‌ನಲ್ಲಿ, ಇದೇ ಕಿಂಗ್ಸ್ ತಂಡ ಮುಂಬೈಗೆ ಬಂದು ಇಂಡಿಯಾನಾ ಪೇಸರ್ಸ್ ವಿರುದ್ಧ ಭಾರತದ ಮೊದಲ ಎನ್‌ಬಿಎ ಪಂದ್ಯ ಆಡಿತು.

ಎರಡೂ ಕಡೆ ಅಭಿಮಾನಿಗಳ ಪ್ರೀತಿಗೆ ಏನೂ ಕಮ್ಮಿ ಇರಲಿಲ್ಲ. ಪ್ರೀತಿಯಿಂದಲೇ ತಂಡ ಉಳಿಯೋ ಹಾಗಿದ್ರೆ ಸಿಯಾಟಲ್‌ನಲ್ಲೂ ಉಳೀಬೇಕಿತ್ತು. ಕೊನೆಗೆ ತೀರ್ಮಾನ ಮಾಡಿದ್ದು ಎರಡೇ ವಿಷಯ: ಅಂಗಣ ಯಾರ ಕೈಯಲ್ಲಿದೆ, ತಂಡ ಯಾರ ಹೆಸರಲ್ಲಿದೆ.

ಬೆಂಗಳೂರಿನ ಭಾಷೆಯಲ್ಲಿ ಹೇಳ್ಬೇಕಂದ್ರೆ ತಂಡ ಅನ್ನೋದು ಬಾಡಿಗೆದಾರ. ಬಾಡಿಗೆ ಮನೆಯಲ್ಲಿ ಇರೋರು ಏನು ಮಾಡ್ತಾರೆ? ನಲ್ಲಿ ಸೋರ್ತಿದ್ರೆ, ಓನರ್ ರಿಪೇರಿ ಮಾಡಿಸದಿದ್ರೆ, "ಬೇರೆ ಮನೆ ನೋಡಿದೀವಿ ಸಾರ್" ಅಂತ ಒಂದು ಮಾತು ಬಿಡ್ತಾರೆ. ಕೆಲವೊಮ್ಮೆ ನಿಜವಾಗಿಯೂ ನೋಡಿರ್ತಾರೆ, ಕೆಲವೊಮ್ಮೆ ಬರೀ ಚೌಕಾಸಿ. ತಂಡ ಊರು ಬಿಡೋ ಗಾಳಿಸುದ್ದಿ ಬಹಳ ಸಲ ಆ ಒಂದು ಮಾತು, ಅಷ್ಟೇ.

ಈಗ ಈ ಕಣ್ಣಿಂದ ನಮ್ಮೂರನ್ನ ನೋಡೋಣ.

ಮೊದಲನೇದು ಕಬಡ್ಡಿ. 2017ರ ಜುಲೈನಲ್ಲಿ ನಾನು ಮೊದಲ ಸಲ ಒಬ್ಬಳೇ ಕಂಠೀರವ ಒಳಾಂಗಣ ಕ್ರೀಡಾಂಗಣಕ್ಕೆ ಹೋಗಿದ್ದೆ. ಫಿಬಾ ಮಹಿಳಾ ಏಷ್ಯಾ ಕಪ್ ಬಾಸ್ಕೆಟ್‌ಬಾಲ್ ಬೆಂಗಳೂರಲ್ಲೇ ನಡೀತಿತ್ತು. ಬಿ ಡಿವಿಷನ್ ಫೈನಲ್‌ನಲ್ಲಿ ನಮ್ಮ ಹುಡುಗಿಯರು ಕಜಕಿಸ್ತಾನವನ್ನ 75–73ರಲ್ಲಿ ಸೋಲಿಸಿದರು. ಎರಡೇ ಪಾಯಿಂಟು! ಮನೆಗೆ ಬಂದಾಗ ಗಂಟಲು ಕಟ್ಟಿಹೋಗಿತ್ತು, ಅಮ್ಮ ಮೆಣಸಿನ ಕಷಾಯ ಮಾಡಿಕೊಟ್ಟಿದ್ರು.

ಅದಾಗಿ ಸ್ವಲ್ಪ ದಿನಕ್ಕೆ ಪ್ರೊ ಕಬಡ್ಡಿಯ ಬೆಂಗಳೂರು ಬುಲ್ಸ್ ತಮ್ಮ ತವರಿನ ಪಂದ್ಯಗಳನ್ನ ಆಡಿದರು. ಎಲ್ಲಿ? ನಾಗಪುರದಲ್ಲಿ. ಕಂಠೀರವ ಅವರಿಗೆ ಸಿಗಲಿಲ್ಲ. ಮಾರನೇ ವರ್ಷ, 2018ರಲ್ಲಿ, ಬುಲ್ಸ್ ತವರು ಪುಣೆ ಆಯ್ತು. ಹೆಸರು ಬೆಂಗಳೂರು, ತವರು ಮಹಾರಾಷ್ಟ್ರ. ನೆಂಟರ ಮನೆಯಲ್ಲಿ ಸ್ವಂತ ಮಗಳ ಮದುವೆ ಮಾಡಿದ ಹಾಗೆ.

ಅದೇ ಪುಣೆಯ ವರ್ಷವೇ ಬುಲ್ಸ್ ಚಾಂಪಿಯನ್ ಆಗಿದ್ದು. 2019ರ ಜನವರಿ 5, ಮುಂಬೈಯಲ್ಲಿ ಫೈನಲ್. ಪವನ್ ಸೆಹ್ರಾವತ್ ಒಬ್ಬರೇ 22 ಪಾಯಿಂಟ್ ತಂದರು. 38–33ರಲ್ಲಿ ಗುಜರಾತ್ ಸೋತಿತು. ಬೆಂಗಳೂರಿಗೆ ಕಪ್ ಬಂತು, ಆದ್ರೆ ಆ ಇಡೀ ಋತುವಿನಲ್ಲಿ ಬೆಂಗಳೂರಿನ ಜನಕ್ಕೆ ತಮ್ಮೂರಲ್ಲಿ ಒಂದು ಪಂದ್ಯಾನೂ ಸಿಗಲಿಲ್ಲ. 2019ರ ಮುಂದಿನ ಋತುವಿಗೆ ಬುಲ್ಸ್ ಕಂಠೀರವಕ್ಕೆ ಮರಳಿದರು.

ಎರಡನೇದು ಫುಟ್‌ಬಾಲ್. ಬೆಂಗಳೂರು ಎಫ್‌ಸಿ ಹುಟ್ಟಿದ್ದು 2013ರಲ್ಲಿ, ಮೊದಲ ಋತುವಿನಲ್ಲೇ ಐ-ಲೀಗ್ ಗೆದ್ದಿತು. ಆಮೇಲೆ ಕಂಠೀರವ ಹೊರಾಂಗಣ ಕ್ರೀಡಾಂಗಣವೇ ಅವರ ಮನೆ. ಆದ್ರೆ ಆ ಕ್ರೀಡಾಂಗಣ ರಾಜ್ಯ ಸರ್ಕಾರದ್ದು, ಮೈದಾನದ ಸುತ್ತ ಅಥ್ಲೆಟಿಕ್ಸ್ ಟ್ರ್ಯಾಕ್ ಇದೆ. ಫುಟ್‌ಬಾಲ್ ಇದ್ದಾಗ ನಮ್ಮ ಅಭ್ಯಾಸಕ್ಕೆ ಜಾಗ ಇಲ್ಲ ಅಂತ ಅಥ್ಲೀಟ್‌ಗಳು ದೂರಿದರು. ವಿಷಯ ಹೈಕೋರ್ಟ್ ಮೆಟ್ಟಿಲು ಹತ್ತಿತು.

ಇಲ್ಲಿ ಒಂದು ಮಾತು ನೇರವಾಗಿ ಹೇಳ್ತೀನಿ. ಅಥ್ಲೀಟ್‌ಗಳು ಕೇಳಿದ್ದು ತಪ್ಪಲ್ಲ. ಜಾವೆಲಿನ್ ಎಸೆಯೋ ಹುಡುಗನಿಗೆ, ಡಿಸ್ಕಸ್ ಎಸೆಯೋ ಹುಡುಗಿಗೆ ಅಷ್ಟು ದೊಡ್ಡ ಬಯಲು ನಗರದ ಮಧ್ಯೆ ಇನ್ನೆಲ್ಲಿ ಸಿಗುತ್ತೆ? ಟೀವಿಯಲ್ಲಿ ಬರೋ ತಂಡಕ್ಕೆ ಅಭಿಮಾನಿಗಳ ಬಳಗ ಇರುತ್ತೆ, ಬೆಳಗ್ಗೆ ಐದೂವರೆಗೆ ಓಡೋಕೆ ಬರೋ ಮಕ್ಕಳಿಗೆ ಯಾರಿದ್ದಾರೆ? ಒಂದೇ ಮನೆಗೆ ಇಬ್ಬರು ಬಾಡಿಗೆದಾರರನ್ನ ಕೂರಿಸಿದ್ದು ನಾವು. ಜಗಳ ಅವರದ್ದು ಅಂತ ಹೇಳಿ ಕೈ ತೊಳ್ಕೊಳ್ಳೋಕಾಗಲ್ಲ.

2019ರ ಮಾರ್ಚ್‌ನಲ್ಲಿ ಬಿಎಫ್‌ಸಿ ಗೋವಾ ತಂಡವನ್ನ ಸೋಲಿಸಿ ಮೊದಲ ಸಲ ಐಎಸ್‌ಎಲ್ ಗೆದ್ದಿತು. ಅದೇ ವರ್ಷ ಗಾಳಿಸುದ್ದಿ ಎದ್ದಿತು: ಚಾಂಪಿಯನ್ನರು ಪುಣೆಗೆ ಹೋಗ್ತಾರಂತೆ! ಯಾಕೆ ಪುಣೆ? ಅಲ್ಲಿನ ಐಎಸ್‌ಎಲ್ ತಂಡ ಎಫ್‌ಸಿ ಪುಣೆ ಸಿಟಿ ಆ ವರ್ಷವೇ ಬಾಗಿಲು ಹಾಕಿತ್ತು. ಲೀಗಿನಲ್ಲಿ ಅದರ ಜಾಗ ಹೊಸ ಹೈದರಾಬಾದ್ ಎಫ್‌ಸಿಗೆ ಸಿಕ್ಕಿತು. ಬಾಲೆವಾಡಿ ಕ್ರೀಡಾಂಗಣ ಖಾಲಿ ಬಿದ್ದಿತ್ತು. "ಮನೆ ಬಾಡಿಗೆಗಿದೆ" ಅನ್ನೋ ಬೋರ್ಡು ಎಲ್ಲಿ ಕಾಣುತ್ತೋ ಗಾಳಿಸುದ್ದಿ ಆ ಕಡೆಗೇ ಬೀಸೋದು.

ಆ ವರ್ಷ ಬಿಎಫ್‌ಸಿ ಹೋಗಲಿಲ್ಲ. 2019ರ ಅಕ್ಟೋಬರ್ 21ರಂದು ಕಂಠೀರವದಲ್ಲೇ ಋತು ಶುರು ಮಾಡಿತು, ನಾರ್ತ್‌ಈಸ್ಟ್ ಯುನೈಟೆಡ್ ವಿರುದ್ಧ ಗೋಲಿಲ್ಲದ ಡ್ರಾ. ಆದ್ರೆ ಅದೇ ವರ್ಷ ದೆಹಲಿ ಡೈನಮೋಸ್ ಅನ್ನೋ ತಂಡ ಭುವನೇಶ್ವರಕ್ಕೆ ಹೋಗಿ ಒಡಿಶಾ ಎಫ್‌ಸಿ ಆಗಿತ್ತು. 2025ರಲ್ಲಿ ಹೈದರಾಬಾದ್ ಎಫ್‌ಸಿನೂ ದೆಹಲಿಗೆ ಹೋಯ್ತು. ಅಂದ್ರೆ ಇದು ಬರೀ ಅಮೆರಿಕದ ಕತೆ ಅಲ್ಲ. ನಮ್ಮ ದೇಶದಲ್ಲೂ ತಂಡಗಳು ಗಂಟುಮೂಟೆ ಕಟ್ಟುತ್ತವೆ.

ಮೂರನೇದು ನಿಮಗೆಲ್ಲ ಗೊತ್ತು. ಗೊತ್ತಿದ್ರೂ ಹೇಳೋಕೆ ಕಷ್ಟ ಆಗುತ್ತೆ.

2025ರ ಜೂನ್ 3, ಅಹಮದಾಬಾದ್. ಆರ್‌ಸಿಬಿ 18ನೇ ಋತುವಿನಲ್ಲಿ ಮೊದಲ ಐಪಿಎಲ್ ಕಪ್ ಗೆದ್ದಿತು, ಪಂಜಾಬ್ ಕಿಂಗ್ಸ್ ವಿರುದ್ಧ ಆರು ರನ್‌ಗಳಿಂದ. ನಮ್ಮ ಗಂಗಮ್ಮ ಸರ್ಕಲ್‌ನಲ್ಲಿ ಮಧ್ಯರಾತ್ರಿ ಪಟಾಕಿ. ಮರುದಿನ ಜೂನ್ 4ರಂದು ಚಿನ್ನಸ್ವಾಮಿ ಕ್ರೀಡಾಂಗಣದಲ್ಲಿ ವಿಜಯೋತ್ಸವ. ಸುಮಾರು 35,000 ಜನ ಹಿಡಿಯೋ ಜಾಗಕ್ಕೆ ಲಕ್ಷಗಟ್ಟಲೆ ಜನ ಬಂದರು. ಗೇಟಿನ ಹತ್ತಿರ ಕಾಲ್ತುಳಿತ. 11 ಜನ ತೀರಿಕೊಂಡರು. ಹೆಚ್ಚಿನವರು ಈ ಕಂತು ಕೇಳ್ತಿರೋ ನಿಮ್ಮ ವಯಸ್ಸಿನವರು.

ನ್ಯಾಯಮೂರ್ತಿ ಜಾನ್ ಮೈಕೆಲ್ ಕುನ್ಹಾ ಅವರ ಆಯೋಗ ಆ ಕ್ರೀಡಾಂಗಣ ದೊಡ್ಡ ಜನಸಂದಣಿಗೆ ಸುರಕ್ಷಿತ ಅಲ್ಲ ಅಂತ ಹೇಳಿತು. ಅಲ್ಲಿಂದ ಒಂದೊಂದೇ ಪಂದ್ಯ ಊರು ಬಿಡತೊಡಗಿತು. ಮಹಿಳಾ ವಿಶ್ವಕಪ್‌ನ ಪಂದ್ಯಗಳ ಪಟ್ಟಿಯಿಂದ ಬೆಂಗಳೂರನ್ನ ತೆಗೆದು ನವಿ ಮುಂಬೈ ಸೇರಿಸಿದರು. ಫೈನಲ್ ಬೆಂಗಳೂರಲ್ಲಿ ಆಗೋ ಸಾಧ್ಯತೆ ಇತ್ತು. ನವೆಂಬರ್ 2ರಂದು ಭಾರತದ ಹುಡುಗಿಯರು ನವಿ ಮುಂಬೈಯಲ್ಲಿ ವಿಶ್ವಕಪ್ ಎತ್ತಿದರು. ಡಿಸೆಂಬರ್ 24ರಂದು ವಿರಾಟ್ ಕೊಹ್ಲಿ ಎಷ್ಟೋ ವರ್ಷದ ನಂತರ ವಿಜಯ್ ಹಜಾರೆ ಟೂರ್ನಿ ಆಡೋಕೆ ಬೆಂಗಳೂರಿಗೇ ಬಂದರು. ಆದ್ರೆ ಪಂದ್ಯ ಚಿನ್ನಸ್ವಾಮಿಯಲ್ಲಲ್ಲ, ವಿಮಾನ ನಿಲ್ದಾಣದ ಕಡೆ ಇರೋ ಬಿಸಿಸಿಐ ಸೆಂಟರ್ ಆಫ್ ಎಕ್ಸಲೆನ್ಸ್‌ನಲ್ಲಿ. ನಮ್ಮ ಉತ್ತರ ಬೆಂಗಳೂರಲ್ಲೇ ಕೊಹ್ಲಿ ಶತಕ ಹೊಡೆದರು, ನೋಡೋಕೆ ಜನಕ್ಕೆ ಪ್ರವೇಶ ಇರಲಿಲ್ಲ.

ಇದರ ನಡುವೆ ಇನ್ನೊಂದು ಸುದ್ದಿ. ನವೆಂಬರ್‌ನಲ್ಲಿ ಆರ್‌ಸಿಬಿ ಮಾಲೀಕ ಕಂಪನಿ ಡಿಯಾಜಿಯೊ, ಈ ತಂಡವನ್ನ ಇಟ್ಕೋಬೇಕಾ ಬೇಡವಾ ಅಂತ ಪರಿಶೀಲನೆ ಶುರು ಮಾಡಿದ್ದೀವಿ ಅಂತ ಪ್ರಕಟಿಸಿತು. ಅಂಗಣದ ಸಮಸ್ಯೆ, ಜೊತೆಗೆ ಮಾರಾಟದ ಮಾತು. ಸಿಯಾಟಲ್ ಕತೆ ಓದಿದವಳಿಗೆ ನಿದ್ದೆ ಹೇಗೆ ಬರುತ್ತೆ ಹೇಳಿ!

ಡಿಸೆಂಬರ್‌ನಲ್ಲಿ ಉಪಮುಖ್ಯಮಂತ್ರಿ ಡಿ.ಕೆ. ಶಿವಕುಮಾರ್ ಐಪಿಎಲ್ ಪಂದ್ಯಗಳನ್ನ ಬೆಂಗಳೂರಿಂದ ಹೊರಗೆ ಹೋಗೋಕೆ ಬಿಡಲ್ಲ ಅಂದರು. ಅದೇ ತಿಂಗಳು ವೆಂಕಟೇಶ್ ಪ್ರಸಾದ್ ಕ್ರಿಕೆಟ್ ಸಂಸ್ಥೆಯ ಅಧ್ಯಕ್ಷರಾದರು. ಜನ ಚಪ್ಪಾಳೆ ತಟ್ಟಿದರು. ನಾನೂ ತಟ್ಟಿದೆ. ತಟ್ಟಿದ ಮೇಲೆ ಒಂದು ಕ್ಷಣ ಕೈ ಸುಮ್ಮನಾಯ್ತು. ತಂಡ ಉಳಿಯುತ್ತಾ ಅಂತ ಎಲ್ಲರೂ ಕೇಳ್ತಿದ್ವಿ. ಗೇಟು ಅಗಲ ಆಯ್ತಾ, ಆಂಬುಲೆನ್ಸ್ ಬರೋಕೆ ದಾರಿ ಆಯ್ತಾ, ಜವಾಬ್ದಾರಿ ಯಾರದ್ದು ಅಂತ ತೀರ್ಮಾನ ಆಯ್ತಾ ಅಂತ ಎಷ್ಟು ಜನ ಕೇಳಿದ್ವಿ? ಜೀವ ಕಳ್ಕೊಂಡವರ ಮನೆಯವರ ಮುಂದೆ "ತಂಡ ಹೋಗುತ್ತಾ" ಅನ್ನೋದು ಎರಡನೇ ಪ್ರಶ್ನೆ. ಮೊದಲನೇ ಪ್ರಶ್ನೆಗೆ ಸರಿಯಾದ ಉತ್ತರ ಸಿಕ್ಕರೆ ಎರಡನೇದಕ್ಕೂ ತಾನಾಗಿ ಸಿಗುತ್ತೆ.

ಈಗ ವಾಪಸ್ ಜಾಲಹಳ್ಳಿಗೆ ಬರೋಣ. ಗಾಳಿಸುದ್ದಿ ಬಗ್ಗೆ ನಾನು ಕಲಿತ ದೊಡ್ಡ ಪಾಠ ಇಲ್ಲೇ ಇದೆ.

ಜಾಲಹಳ್ಳಿ ಅಂದ್ರೆ ಈಗಿನವರಿಗೆ ಮೆಟ್ರೋ ಸ್ಟೇಷನ್ನು, ಅಯ್ಯಪ್ಪನ ದೇವಸ್ಥಾನ, ಟ್ರಾಫಿಕ್ಕು. ನಮ್ಮ ತಾತನ ಕಾಲದವರಿಗೆ ಕಾರ್ಖಾನೆ. 1953ರಲ್ಲಿ ಎಚ್‌ಎಂಟಿ, 1954ರಲ್ಲಿ ಬಿಇಎಲ್. ಕಾರ್ಖಾನೆ ಜೊತೆಗೆ ಕ್ವಾರ್ಟರ್ಸು, ಶಾಲೆ, ಆಸ್ಪತ್ರೆ, ಆಟದ ಮೈದಾನ ಬಂದವು. ನಾನು ಬಾಸ್ಕೆಟ್‌ಬಾಲ್ ಕಲಿತಿದ್ದು ಅಂಥದ್ದೇ ಒಂದು ಕಾಲೊನಿಯ ಸಿಮೆಂಟ್ ಕೋರ್ಟಿನಲ್ಲಿ. ಬಿದ್ರೆ ಮಂಡಿ ಚರ್ಮ ಹೋಗೋದು ಗ್ಯಾರಂಟಿ.

ಆಗ ಬೆಂಗಳೂರಿನ ದೊಡ್ಡ ತಂಡಗಳು ಅಂದ್ರೆ ಕಾರ್ಖಾನೆ, ಬ್ಯಾಂಕುಗಳ ತಂಡಗಳೇ. ದೇಶದ ಮೊದಲ ಫೆಡರೇಷನ್ ಕಪ್ ಫುಟ್‌ಬಾಲ್, 1977ರಲ್ಲಿ, ಗೆದ್ದಿದ್ದು ಯಾರು? ಕೋಲ್ಕತ್ತದ ಮೋಹನ್ ಬಾಗಾನ್ ಅಲ್ಲ. ಅವರನ್ನ ಫೈನಲ್‌ನಲ್ಲಿ 1–0ಯಿಂದ ಸೋಲಿಸಿದ ನಮ್ಮ ಐಟಿಐ. ಟೆಲಿಫೋನ್ ಮಾಡ್ತಿದ್ದ ಕಾರ್ಖಾನೆಯ ತಂಡ! ಆಟಗಾರ ಅಂದ್ರೆ ಕಾರ್ಖಾನೆ ನೌಕರ. ಬೆಳಗ್ಗೆ ಅಭ್ಯಾಸ, ಆಮೇಲೆ ಡ್ಯೂಟಿ, ತಿಂಗಳ ಕೊನೆಗೆ ಸಂಬಳ, ಕೊನೆಗೆ ಪಿಂಚಣಿ. ಅಂಥ ತಂಡ ಊರು ಬಿಡುತ್ತೆ ಅಂತ ಗಾಳಿಸುದ್ದಿ ಹಬ್ಬಿಸೋಕೇ ಆಗ್ತಿರಲಿಲ್ಲ. ಆಟಗಾರನ ರೇಷನ್ ಕಾರ್ಡು ಇಲ್ಲೇ, ಮಕ್ಕಳ ಶಾಲೆ ಇಲ್ಲೇ, ಮೈದಾನ ಕಾರ್ಖಾನೆಯದ್ದೇ.

ಆದ್ರೂ ಆ ಕಾಲ ಮುಗೀತು. ಕೆಲವು ಕಾರ್ಖಾನೆ ಸೊರಗಿದವು, ಕ್ರೀಡಾ ಕೋಟಾ ನೇಮಕ ಕಮ್ಮಿ ಆಯ್ತು. ಎಚ್‌ಎಂಟಿ ವಾಚ್ ಕಂಪನಿಯನ್ನ ಮುಚ್ಚೋಕೆ 2016ರಲ್ಲಿ ಕೇಂದ್ರ ಸರ್ಕಾರ ತೀರ್ಮಾನ ಮಾಡಿತು. ಬಾಸ್ಕೆಟ್‌ಬಾಲ್‌ನಲ್ಲಿ ಬೆಂಗಳೂರಿನ ದೊಡ್ಡ ಹೆಸರು ವಿಜಯಾ ಬ್ಯಾಂಕ್. 2019ರ ಏಪ್ರಿಲ್ 1ರಂದು ಬ್ಯಾಂಕೇ ಬ್ಯಾಂಕ್ ಆಫ್ ಬರೋಡಾದಲ್ಲಿ ವಿಲೀನ ಆಯ್ತು, ಆ ಹೆಸರಿನ ಜೆರ್ಸಿ ಕೋರ್ಟಿನಿಂದ ಮಾಯ. 2015ರಲ್ಲಿ ಯುಬಿಎ ಅನ್ನೋ ವೃತ್ತಿಪರ ಬಾಸ್ಕೆಟ್‌ಬಾಲ್ ಲೀಗ್ ಬಂತು, ಎಂಟು ತಂಡ. ಅದರಲ್ಲಿ ನಮ್ಮದು ಬೆಂಗಳೂರು ಬೀಸ್ಟ್. ಕೆಲವೇ ವರ್ಷದಲ್ಲಿ ಲೀಗೂ ನಿಂತಿತು, ಬೀಸ್ಟೂ ಹೋಯ್ತು.

ಇವುಗಳಲ್ಲಿ ಯಾವುದರ ಬಗ್ಗೆಯೂ ನಮ್ಮ ಮನೆ ಊಟದ ಟೇಬಲ್ಲಲ್ಲಿ "ಹೋಗುತ್ತಂತೆ, ನಿಜಾನಾ" ಅಂತ ಯಾರೂ ಕೇಳಲಿಲ್ಲ. ವಾಟ್ಸಾಪ್‌ನಲ್ಲಿ ಒಂದು ಫಾರ್ವರ್ಡೂ ಬರಲಿಲ್ಲ. ಅವು ಬೇರೆ ಊರಿಗೆ ಹೋಗಲಿಲ್ಲ, ಇದ್ದಲ್ಲೇ ಇಲ್ಲವಾದವು. ಬೀಸ್ಟ್ ನಿಂತುಹೋಗಿದೆ ಅಂತ ಬಾಸ್ಕೆಟ್‌ಬಾಲ್ ಆಡೋ ನನಗೇ ಎಷ್ಟೋ ತಿಂಗಳ ಮೇಲೆ ಗೊತ್ತಾಗಿದ್ದು. ಅದನ್ನ ಹೇಳೋಕೆ ಇವತ್ತಿಗೂ ನಾಚಿಕೆ ಆಗುತ್ತೆ.

ಅದಕ್ಕೇ ಈಗ ನನಗೆ ಗಾಳಿಸುದ್ದಿ ಬಗ್ಗೆ ಕೋಪ ಕಮ್ಮಿ. ಊರಿಗೆ ಇನ್ನೂ ಬೇಕಾಗಿರೋ ತಂಡದ ಬಗ್ಗೆ ಮಾತ್ರ ಗಾಳಿಸುದ್ದಿ ಹಬ್ಬುತ್ತೆ. ಆದ್ರೆ ಅದನ್ನ ಕೇಳಿ ಸುಮ್ನೆ ಫಾರ್ವರ್ಡ್ ಮಾಡಿದ್ರೆ ಪ್ರಯೋಜನ ಇಲ್ಲ. ಮುಂದಿನ ಸಲ "ಅಂತೆ" ಅನ್ನೋ ಮೆಸೇಜು ಬಂದಾಗ ಮೂರು ಪ್ರಶ್ನೆ ಕೇಳಿ. ಮೈದಾನ ಯಾರ್ದು? ಈ ಸುದ್ದಿ ಹಬ್ಬಿದ್ರೆ ಚೌಕಾಸಿಯಲ್ಲಿ ಯಾರಿಗೆ ಲಾಭ? ತಂಡ ಹೋದ್ರೆ ಹೆಸರು ಯಾರ ಹತ್ರ ಉಳಿಯುತ್ತೆ? ಸಿಯಾಟಲ್‌ನವರು ಮೂರನೇ ಪ್ರಶ್ನೆ ಕೇಳಿದ್ದಕ್ಕೆ ಹೆಸರಾದ್ರೂ ಉಳೀತು. ಸ್ಯಾಕ್ರಮೆಂಟೋದವರು ಮೊದಲನೇ ಪ್ರಶ್ನೆಗೇ ಉತ್ತರ ಹುಡುಕಿದ್ದಕ್ಕೆ ತಂಡ ಉಳೀತು.

ನಮ್ಮ ತಮ್ಮನಿಗೆ ಇದನ್ನೆಲ್ಲ ಮಾರನೇ ಭಾನುವಾರ ಹೇಳಿದೆ, ಅದೇ ಸಿಮೆಂಟ್ ಕೋರ್ಟಿಗೆ ಕರ್ಕೊಂಡು ಹೋಗಿ. ರಿಂಗು ಸ್ವಲ್ಪ ಬಗ್ಗಿದೆ, ನೆಟ್ ಇಲ್ಲ, ಗೆರೆಗಳು ಅಳಿಸಿಹೋಗಿವೆ. ಅವನು ಎಲ್ಲ ಕೇಳಿಸ್ಕೊಂಡು ಸುತ್ತ ನೋಡಿ ಕೇಳಿದ. "ಅಕ್ಕ, ಈ ಕೋರ್ಟು ಯಾರ್ದು?"

ನನ್ನ ಹತ್ರ ಉತ್ತರ ಇರಲಿಲ್ಲ. ಈ ವಾರ ಇಬ್ಬರೂ ಸೇರಿ ವಿಚಾರಿಸೋಕೆ ಹೋಗ್ತಿದ್ದೀವಿ. ನಿಮ್ಮ ಏರಿಯಾದ ಮೈದಾನ ಯಾರ ಹೆಸರಲ್ಲಿದೆ ಅಂತ ನೀವೂ ಕೇಳಿ ನೋಡಿ.